ತುಂಬಿದ ಡಿಸ್ಕಿನ ಎರಡು ಲೆಕ್ಕ

ಲಿನಕ್ಸ್ ಗಣಕದಲ್ಲಿ ಡಿಸ್ಕ್ ತುಂಬಿತೆಂಬ ಸೂಚನೆ ಬಂದೊಡನೆ ಕೈಗೆ ಸಿಕ್ಕ ಕಡತಗಳನ್ನು ಅಳಿಸತೊಡಗುವ ರೂಢಿ ಬಹಳ ಕಡೆ ಇದೆ. ಆದರೆ ಅಳಿಸುವ ಮೊದಲು ಅಳೆಯಬೇಕು, ಅದೂ ಎರಡು ಬಗೆಯಲ್ಲಿ ಅಳೆಯಬೇಕು. ಅದಕ್ಕೆ ಬೇಕಾದ ಡಿಎಫ್ ಮತ್ತು ಡಿಯು ಎಂಬ ಎರಡು ಆದೇಶಗಳು 1971ರ ಯುನಿಕ್ಸ್ ಮೊದಲ ಆವೃತ್ತಿಯ ಕೈಪಿಡಿಯಲ್ಲಿಯೇ ಇದ್ದು, ಇಂದಿಗೂ ಅದೇ ಹೆಸರಿನಲ್ಲಿ ಬಳಕೆಯಲ್ಲಿವೆ. ಡಿಎಫ್, ಕಡತವ್ಯವಸ್ಥೆ, ಅಂದರೆ ಡಿಸ್ಕಿನ ಮೇಲೆ ಕಡತಗಳನ್ನಿರಿಸಿ ಲೆಕ್ಕವಿಡುವ ಏರ್ಪಾಟು, ತಾನೇ ಬರೆದಿಟ್ಟುಕೊಂಡ ಮೊತ್ತವನ್ನು ಓದಿ ಹೇಳುತ್ತದೆ. ಡಿಯು ಫೋಲ್ಡರುಗಳನ್ನು ಒಂದೊಂದಾಗಿ ಹೊಕ್ಕು, ಕಣ್ಣಿಗೆ ಬಿದ್ದ ಪ್ರತಿ ಕಡತ ಹಿಡಿದಿರುವ ಜಾಗವನ್ನು ಕೂಡಿಸುತ್ತದೆ. ಮೊದಲನೆಯದು ಅಂಗಡಿಯ ಖಾತೆಪುಸ್ತಕವನ್ನು ಓದಿದಂತೆ, ಎರಡನೆಯದು ಗೋದಾಮಿಗಿಳಿದು ಮೂಟೆ ಎಣಿಸಿದಂತೆ.

ಸಾಮಾನ್ಯ ಸಂದರ್ಭಗಳಲ್ಲಿ ಡಿಯು ಒಂದೇ ಸಾಕು. ಅದನ್ನು ರೂಟ್, ಅಂದರೆ ಗಣಕದ ಮೇಲ್ವಿಚಾರಕನ, ಅಧಿಕಾರದಲ್ಲಿ, ಬೇರೆ ಡಿಸ್ಕುಗಳಿಗೆ ದಾಟದಂತೆ ತಡೆಯುವ ಎಕ್ಸ್ ಆಯ್ಕೆಯೊಡನೆ ನಡೆಸಿ, ಬಂದ ಉತ್ತರವನ್ನು ಗಾತ್ರದ ಕ್ರಮದಲ್ಲಿ ಜೋಡಿಸಿದರೆ, ಲಾಗ್ ಕಡತಗಳೋ ಡಾಕರ್‌ನ ಹಳೆಯ ಇಮೇಜುಗಳೋ ಬಳಕೆದಾರರ ಕ್ಯಾಶ್ ಫೋಲ್ಡರೋ ಬೇಗನೆ ಬಯಲಾಗುತ್ತದೆ. ಅದೇ ಕೆಲಸವನ್ನು ಪರದೆಯ ಮೇಲೆ ಮೇಲೆಕೆಳಗೆ ಓಡಾಡುತ್ತ ಮಾಡಲು ಬಿಡುವ ಎನ್‌ಸಿಡಿಯು ಇನ್ನೂ ಸುಖಕರ.

ನಿಜವಾದ ಜಾಣ್ಮೆ ಬೇಕಾಗುವುದು ಈ ಎರಡು ಲೆಕ್ಕಗಳು ತಾಳೆಯಾಗದಿದ್ದಾಗ. ವೆಬ್ ಸರ್ವರ್ ಒಂದರ ಲಾಗ್ ಕಡತ 20 ಜಿಬಿಗೆ ಬೆಳೆದು, ಅದನ್ನು ಆರ್‌ಎಂ ಆದೇಶದಿಂದ ಅಳಿಸಲಾಯಿತೆನ್ನೋಣ: ಡಿಯು ಕೊಡುವ ಮೊತ್ತ ಒಡನೆಯೇ ಇಳಿಯುತ್ತದೆ, ಡಿಎಫ್ ಕೊಡುವುದು ಒಂದಿಷ್ಟೂ ಕದಲುವುದಿಲ್ಲ. ಯುನಿಕ್ಸ್ ಪರಂಪರೆಯಲ್ಲಿ ಕಡತದ ಹೆಸರು ಬೇರೆ, ಕಡತ ಬೇರೆ ಎಂಬುದೇ ಇದಕ್ಕೆ ಕಾರಣ. ಹೆಸರು ಫೋಲ್ಡರಿನಲ್ಲಿರುತ್ತದೆ, ಕಡತದ ವಿವರವೆಲ್ಲ ಐನೋಡ್ ಎಂಬ ದಾಖಲೆಯಲ್ಲಿರುತ್ತದೆ. ಆರ್‌ಎಂ ಹೆಸರನ್ನಷ್ಟೇ ತೆಗೆಯುತ್ತದೆ. ಕೊನೆಯ ಹೆಸರೂ ಹೋಗಿ, ಅದನ್ನು ತೆರೆದಿಟ್ಟುಕೊಂಡ ಕೊನೆಯ ಪ್ರೋಗ್ರಾಮೂ ಕೈಬಿಟ್ಟ ಮೇಲೆಯೇ ಜಾಗ ಬಿಡುಗಡೆಯಾಗುತ್ತದೆ. ತೆರೆದ ಕಡತಗಳನ್ನು ಪಟ್ಟಿಮಾಡುವ ಎಲ್‌ಎಸ್‌ಒಎಫ್ ಆದೇಶಕ್ಕೆ ‘+ಎಲ್1’ ಎಂಬ ಆಯ್ಕೆ ಕೊಟ್ಟರೆ, ಹೀಗೆ ಹೆಸರು ಕಳೆದುಕೊಂಡೂ ಬದುಕಿರುವ ಕಡತಗಳು, ಅವನ್ನು ಹಿಡಿದಿರುವ ಪ್ರೋಗ್ರಾಮಿನ ಹೆಸರಿನೊಡನೆ ಕಾಣುತ್ತವೆ. ಆ ಪ್ರೋಗ್ರಾಮನ್ನು ಮರುಪ್ರಾರಂಭಿಸಿದರೆ ಜಾಗ ಮರಳುತ್ತದೆ. ಬಳಕೆಯಲ್ಲಿರುವ ಲಾಗನ್ನು ಅಳಿಸುವ ಬದಲು ಟ್ರಂಕೇಟ್ ಆದೇಶದಿಂದ ಸೊನ್ನೆಗಿಳಿಸುವುದು ಮೇಲೆಂದು ತಿಳಿದವರು ಹೇಳುವುದು ಇದಕ್ಕಾಗಿಯೇ.

ಲೆಕ್ಕಗಳು ತಾಳೆಯಾಗದಿರಲು ಇನ್ನೊಂದು ಕಾರಣ ಇದಕ್ಕಿಂತ ಗುಪ್ತವಾದುದು. ಬ್ಯಾಕಪ್ ಡಿಸ್ಕ್ ಮೌಂಟ್ ಆಗದ, ಅಂದರೆ ತನ್ನ ಫೋಲ್ಡರಿಗೆ ಜೋಡಣೆಯಾಗದ, ರಾತ್ರಿ, ಅದಕ್ಕೆಂದು ಮೀಸಲಾದ ಖಾಲಿ ಫೋಲ್ಡರಿಗೇ ಬ್ಯಾಕಪ್ ಬರೆಯಲ್ಪಟ್ಟು, ಮರುದಿನ ಅದರ ಮೇಲೆ ಡಿಸ್ಕ್ ಬಂದು ಕುಳಿತರೆ, ಕೆಳಗಿನ ಕಡತಗಳು ಡಿಯುಗೆ ಕಾಣುವುದಿಲ್ಲ, ಡಿಎಫ್ ಮಾತ್ರ ಅವನ್ನು ಎಣಿಸುತ್ತಲೇ ಇರುತ್ತದೆ. ರೂಟ್ ಕಡತವ್ಯವಸ್ಥೆಯನ್ನು ಬೇರೊಂದು ಫೋಲ್ಡರಿಗೆ ಬೈಂಡ್ ಮೌಂಟ್ ಮಾಡಿ ನೋಡಿದಾಗ ಅವು ಹೊರಬರುತ್ತವೆ.

ಗಿಗಾಬೈಟುಗಳು ಉಳಿದಿದ್ದರೂ ಜಾಗವಿಲ್ಲವೆಂಬ ದೂರು ಬಂದರೆ, ಅಸಂಖ್ಯ ಪುಟ್ಟ ಕಡತಗಳಿಂದ ಐನೋಡುಗಳೇ ತೀರಿರಬಹುದು. ಡಿಎಫ್‌ಗೆ ಐ ಆಯ್ಕೆ ಕೊಟ್ಟರೆ ಅದು ತಿಳಿಯುತ್ತದೆ. ಇನ್ನು ಇಎಕ್ಸ್‌ಟಿ4 ಕಡತವ್ಯವಸ್ಥೆ ಹುಟ್ಟುವಾಗಲೇ ಶೇ 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗೆ ಕಾದಿರಿಸುತ್ತದೆ. ಬರಿಯ ದತ್ತಾಂಶಕ್ಕೆಂದಿರುವ 1 ಟಿಬಿ ಡಿಸ್ಕಿನಲ್ಲಿ ಟ್ಯೂನ್2ಎಫ್‌ಎಸ್‌ನಿಂದ ಇದನ್ನು ಶೇ 1ಕ್ಕಿಳಿಸಿದರೆ, ಒಂದು ಕಡತವನ್ನೂ ಅಳಿಸದೆ ಸುಮಾರು 40 ಜಿಬಿ ದೊರೆಯುತ್ತದೆ. ವ್ಯವಸ್ಥೆಯೇ ನೆಲೆಸಿರುವ ರೂಟ್ ವಿಭಾಗದಲ್ಲಿ ಮಾತ್ರ ಆ ಮೀಸಲನ್ನು ಮುಟ್ಟಬಾರದು.