ಮಂಚಕ್ಕೆ ಕಟ್ಟಿದ ಕೈ

ಇರಾನಿನ ನಿರ್ದೇಶಕ ಅಸ್ಗರ್ ಫರ್ಹಾದಿಯವರ 'ಎ ಸೆಪರೇಶನ್' ಚಿತ್ರ 2011ರಲ್ಲಿ ಬಂತು. ಆ ವರ್ಷ ಬರ್ಲಿನ್ ಚಿತ್ರೋತ್ಸವದ ಚಿನ್ನದ ಕರಡಿ ಪ್ರಶಸ್ತಿಯನ್ನೂ 2012ರಲ್ಲಿ ವಿದೇಶಿ ಭಾಷಾ ಚಿತ್ರಕ್ಕಿರುವ ಆಸ್ಕರನ್ನೂ ಪಡೆಯಿತು. ಅದನ್ನು ವಿಚ್ಛೇದನದ ಕಥೆಯೆಂದು, ಸತ್ಯ-ಸುಳ್ಳಿನ ಕಥೆಯೆಂದು, ಬಡವ-ಬಲ್ಲಿದರ ಕಥೆಯೆಂದು ಸಾಕಷ್ಟು ಚರ್ಚಿಸಲಾಗಿದೆ. ಅವೆಲ್ಲವೂ ಸರಿಯೇ. ಆದರೆ ಈ ಎಲ್ಲ ಜಗಳಗಳ ನಡುವೆ ಒಂದು ಮಂಚವಿದೆ. ಅದರ ಮೇಲೆ ಅಲ್ಜೀಮರ್ಸ್ ಪೀಡಿತ ವೃದ್ಧರೊಬ್ಬರಿದ್ದಾರೆ. ಮನೆಯ ಹಿರಿಯರ ಆರೈಕೆ ಮಾಡಿದವರಿಗೆ ಮೊದಲು ಕಾಣುವುದು ಆ ಮಂಚವೇ.

ಮಗಳ ಭವಿಷ್ಯಕ್ಕಾಗಿ ವಿದೇಶಕ್ಕೆ ಹೋಗಬೇಕೆಂಬುದು ಸಿಮಿನ್‌ಳ ಹಟ. ತಂದೆಯನ್ನು ಬಿಟ್ಟು ಬರಲಾರೆನೆಂಬುದು ಪತಿ ನಾದಿರ್‌ನ ಹಟ. ನೀನು ಮಗನೆಂಬುದು ಅವರಿಗೆ ಗೊತ್ತಿದೆಯೇ ಎಂದು ಆಕೆ ಕೇಳಿದರೆ, ಅವರು ತಂದೆಯೆಂಬುದು ನನಗೆ ಗೊತ್ತಿದೆಯಲ್ಲ ಎಂಬುದು ಅವನ ಉತ್ತರ. ಪ್ರೇಕ್ಷಕರ ಮನ ಗೆಲ್ಲುವ ಉತ್ತರವಿದು. ನಾವೂ ಮೊದಲ ಸಲ ನೋಡಿದಾಗ ಅವನ ಪಕ್ಷವನ್ನೇ ವಹಿಸಿದ್ದೆವು. ಎರಡನೆಯ ಸಲ ನೋಡುವಾಗ ಮಾತ್ರ ಒಂದು ಪ್ರಶ್ನೆ ಕಾಡಿತು: ಈ ಒಳ್ಳೆಯ ಮಗ ಬೆಳಿಗ್ಗೆ ಬ್ಯಾಂಕಿನ ಕೆಲಸಕ್ಕೆ ಹೊರಟ ಮೇಲೆ ತಂದೆಯ ಬಳಿ ಇರುವವರು ಯಾರು?

ಇರುವವಳು ರಝಿಯಾ. ಬಡವಿ, ಗರ್ಭಿಣಿ. ಜೊತೆಯಲ್ಲಿ ಪುಟ್ಟ ಮಗಳು. ಕೆಲಸಕ್ಕೆ ಸೇರಿದ ವಿಷಯ ಅವಳ ಗಂಡನಿಗೆ ಗೊತ್ತಿಲ್ಲ. ಮೊದಲ ದಿನವೇ ಆ ವೃದ್ಧರು ಬಟ್ಟೆಯಲ್ಲೇ ಮೂತ್ರ ಮಾಡಿಕೊಳ್ಳುತ್ತಾರೆ. ಪರಪುರುಷನ ಬಟ್ಟೆ ಬದಲಿಸುವುದು ಪಾಪವಾದೀತೇ ಎಂದು ಅವಳು ಫೋನ್ ಮಾಡಿ ಧರ್ಮ ಬಲ್ಲವರನ್ನು ಕೇಳುತ್ತಾಳೆ. ಅಪ್ಪನಿಗೆ ಹೇಳುವುದಿಲ್ಲ ಎಂದು ಮಗಳು ಅಭಯ ಕೊಡುತ್ತಾಳೆ. ಈ ದೃಶ್ಯಕ್ಕೆ ನಗುವ ಪ್ರೇಕ್ಷಕರೂ ಇದ್ದಾರು. ನಮಗೆ ನಗು ಬರಲಿಲ್ಲ. ಅಪರಿಚಿತರ ಮೈ ಮುಟ್ಟಿ ಸೇವೆ ಮಾಡುವಾಗ ಎರಡೂ ಕಡೆಯ ಮಾನ ಪಣಕ್ಕಿರುತ್ತದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಚಿತ್ರಗಳು ವಿರಳ. ನಮ್ಮ ಕರಾವಳಿಯ ಮನೆಗಳಲ್ಲಿ 'ಹೋಮ್ ನರ್ಸ್' ಎಂದು ಕರೆಯಲ್ಪಡುವ ಹೆಣ್ಣುಮಕ್ಕಳಿಗೂ ಇಂತಹ ಸಂಕಟಗಳಿರುತ್ತವೆ. ಅದನ್ನು ಕೇಳುವ ವ್ಯವಧಾನ ಯಾರಿಗಿದೆ?

ಚಿತ್ರದ ಆರಂಭದಲ್ಲಿ ಮನೆ ಬಿಟ್ಟು ಹೊರಟ ಸಿಮಿನ್‌ಳ ಕೈಯನ್ನು ಆ ವೃದ್ಧರು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಮುಂದೊಂದು ದಿನ ರಝಿಯಾ ಅದೇ ವೃದ್ಧರ ಕೈಯನ್ನು ಮಂಚಕ್ಕೆ ಕಟ್ಟಿ ಹೊರಗೆ ಹೋಗುತ್ತಾಳೆ. ಮನೆಗೆ ಬಂದ ಮಗ ನೆಲಕ್ಕೆ ಬಿದ್ದ ತಂದೆಯನ್ನು ಕಂಡು ಸಿಟ್ಟಿನಿಂದ ಅವಳನ್ನು ಬಾಗಿಲಾಚೆ ದೂಡುತ್ತಾನೆ. ಮಗು ಹೊಟ್ಟೆಯಲ್ಲೇ ಸತ್ತು, ಮನೆಯ ವಿಷಯ ನ್ಯಾಯಾಲಯಕ್ಕೆ ಹೋಗುತ್ತದೆ. ಕೈ ಕಟ್ಟಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದಿನ ದಿನ ಬೀದಿಗೆ ನಡೆದುಹೋದ ಅದೇ ವೃದ್ಧರನ್ನು ರಕ್ಷಿಸಲು ಹೋಗಿ ಅವಳಿಗೆ ಕಾರು ಬಡಿದಿತ್ತೆಂಬುದು ನಮಗೆ ತಡವಾಗಿ ತಿಳಿಯುತ್ತದೆ. ಆ ಅನುಮಾನದಿಂದಲೇ ಕೊನೆಗೆ ಅವಳು ಕುರ್‌ಆನ್ ಮುಟ್ಟಿ ಪ್ರಮಾಣ ಮಾಡಲು ಹಿಂಜರಿಯುತ್ತಾಳೆ. ಪರಿಹಾರದ ಹಣ ಕೈತಪ್ಪುತ್ತದೆ. ಚಿತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳು ಆರೈಕೆಗೆ ಬಂದವಳೇ.

ಇಷ್ಟು ಮೆಚ್ಚಿದ ಮೇಲೂ ನಮ್ಮದೊಂದು ಆಕ್ಷೇಪವಿದೆ. ಕಥೆ ನ್ಯಾಯಾಲಯದ ಮೆಟ್ಟಿಲೇರಿದಂತೆ ಆ ವೃದ್ಧರು ಹಿನ್ನೆಲೆಗೆ ಸರಿಯುತ್ತಾರೆ. ಅವರಿಗೆ ನೋವಿದೆಯೇ, ಭಯವಿದೆಯೇ ಎಂದು ಯಾರೂ ವಿಚಾರಿಸುವುದಿಲ್ಲ. ತಂದೆಗೆ ಸ್ನಾನ ಮಾಡಿಸುತ್ತಾ ಮಗ ಅಳುವ ದೃಶ್ಯ ಮರೆಯಲಾಗದ್ದು. ಆದರೆ ಅಲ್ಲಿಯೂ ನಾವು ನೋಡುವುದು ಮಗನ ದುಃಖವನ್ನು. ಇದು ನಿರ್ದೇಶಕರ ಲೋಪವೋ ಸಮಾಜಕ್ಕೆ ಹಿಡಿದ ಕನ್ನಡಿಯೋ ಎಂದು ಕೇಳಿದರೆ, ಎರಡೂ ಇರಬಹುದೆನ್ನುತ್ತೇವೆ.

ಮಗ, ಸೊಸೆ, ಸಂಬಳದ ಹೆಣ್ಣು. ಈ ಮೂವರಾಚೆ ಆ ಮನೆಗೆ ನಾಲ್ಕನೆಯ ಕೈ ಇರಲಿಲ್ಲ. ನೆರೆಯ ಕೇರಳದಲ್ಲಿ 1993ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಸಂಘವು ಹುಡುಕಿದ್ದು ಆ ಕೈಯನ್ನೇ. ನೆರೆಹೊರೆಯ ಸ್ವಯಂಸೇವಕರು ತರಬೇತಿ ಪಡೆದು ದಾದಿಯರೊಂದಿಗೆ ರೋಗಿಯ ಮನೆಗೇ ಹೋಗುವ ಪದ್ಧತಿ ಬೆಳೆಯಿತು. 2008ರಲ್ಲಿ ಅಲ್ಲಿನ ಸರಕಾರ ಇದಕ್ಕಾಗಿ ನೀತಿಯನ್ನೇ ರೂಪಿಸಿತು. ಬೆಂಗಳೂರಿನ ಕರುಣಾಶ್ರಯವು ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಉಪಶಾಮಕ ಆರೈಕೆಯೆಂದರೆ ರೋಗಿಯ ನೋವನ್ನಷ್ಟೇ ಅಲ್ಲ, ನೋಡಿಕೊಳ್ಳುವವರ ದಣಿವನ್ನೂ ಗಮನಿಸುವುದು. ಇದು ಕ್ಯಾನ್ಸರಿಗಷ್ಟೇ ಸೀಮಿತವಲ್ಲ, ಮರೆವಿನ ರೋಗಕ್ಕೂ ಬೇಕು.

ಹೆತ್ತವರ ಸೇವೆಯ ಮಹತ್ವವನ್ನು ನಮ್ಮ ವೇದಿಕೆಗಳಲ್ಲಿ ಧಾರಾಳವಾಗಿ ಹೇಳುತ್ತೇವೆ. ಕೇಳಿದ ಮಗ ಕಣ್ಣೊರೆಸಿಕೊಳ್ಳುತ್ತಾನೆ. ಮನೆಯಲ್ಲಿ ಬಟ್ಟೆ ಬದಲಿಸುವವರು ಮಾತ್ರ ಆ ಸಭೆಗೆ ಬಂದಿರುವುದಿಲ್ಲ. ಅವರಿಗೆ ಬಿಡುವೆಲ್ಲಿ? ವಾರಕ್ಕೊಂದು ಸಂಜೆ ಅವರನ್ನು ಹೊರಗೆ ಕಳಿಸಿ, ಆ ಮಂಚದ ಬಳಿ ನಾವು ಕುಳಿತುಕೊಳ್ಳಬಹುದಲ್ಲವೇ?