ಕಮಿಷನ್ ಸಿಗದ ಸಲಹೆ

ದೇವನಹಳ್ಳಿ ಕಡೆಯ ಒಂದು ಬಡಾವಣೆ. ಮೂವತ್ತು-ನಲವತ್ತರ ಸೈಟು, ನಾಲ್ಕು ಮೂಲೆಗೂ ಸುಣ್ಣ ಬಳಿದ ಕಲ್ಲು, ನಡುವೆ ಸೊಂಟದೆತ್ತರ ಪಾರ್ಥೇನಿಯಂ. ಬ್ರೋಕರ್ ಸ್ಕೂಟರಿನ ಸೀಟಿನ ಮೇಲೆ ನಕ್ಷೆಯ ಜೆರಾಕ್ಸ್ ಹರಡಿ, ಪೂರ್ವ ದಿಕ್ಕು, ಏರ್‌ಪೋರ್ಟ್ ಹತ್ತೇ ನಿಮಿಷ, ಡಾಕ್ಯುಮೆಂಟ್ ಎಲ್ಲ ಕ್ಲಿಯರ್ ಎಂದ. ‘ಐದು ವರ್ಷ ಬಿಟ್ಟು ಮಾರೋಕೆ ಹೋದರೆ ಇದನ್ನ ಯಾರು ಕೊಳ್ತಾರೆ?’ ಎಂದೆ. ‘ಇನ್ನೂ ತಗೊಂಡೇ ಇಲ್ಲ, ಆಗಲೇ ಮಾರೋ ಮಾತಾ ಸಾರ್?’ ಎಂದು ನಕ್ಕ.

ಹಣ ಹೂಡಲು ಹೋದವನಿಗೆ ಬೇಕಿದ್ದದ್ದು ಆ ಮಾರುವ ಮಾತೇ. ವಾಸಕ್ಕೆ ಮನೆ ಹುಡುಕುವವರು ನೀರು, ಶಾಲೆ, ವಾಸ್ತು ನೋಡಿಕೊಂಡರೆ ಸಾಕು. ಹೂಡಿಕೆದಾರ ಕೊಳ್ಳುವ ದಿನವೇ ಮಾರುವ ದಿನದ ಲೆಕ್ಕ ಹಾಕಬೇಕು. 50 ಲಕ್ಷದ ಸೈಟನ್ನೇ ತೆಗೆದುಕೊಳ್ಳಿ. ಶೇ. 5ರ ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು, ಸರ್ಚಾರ್ಜು, 2025ರ ಆಗಸ್ಟ್ ಕೊನೆಯಲ್ಲಿ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ 3.80 ಲಕ್ಷದ ಆಸುಪಾಸು. ಕೊಳ್ಳುವಾಗ ಶೇ. 2, ಮಾರುವಾಗ ಶೇ. 2 ದಲ್ಲಾಳಿ ಎಂದು ಹಿಡಿದರೆ ಇನ್ನೆರಡು ಲಕ್ಷ. ಬೆಲೆ ಶೇ. 12ರಷ್ಟು ಏರಿದ ಮೇಲೆ ಅಸಲು ಕೈಗೆ ಬಂತು. ಸಾಲದ ಬಡ್ಡಿ, ಲಾಭದ ತೆರಿಗೆ ಬೇರೆ. ಈ ಲೆಕ್ಕವನ್ನು ತಾನಾಗಿ ಬರೆದು ತೋರಿಸಿದ ಬ್ರೋಕರನ್ನು ನಾನು ಕಂಡಿಲ್ಲ.

ತೋರಿಸಿದರೆ ಅವನ ಅನ್ನಕ್ಕೇ ಕಲ್ಲು. ರಿಜಿಸ್ಟ್ರೇಷನ್ ಆದ ದಿನ ಕಮಿಷನ್, ಆಗದಿದ್ದರೆ ಪೆಟ್ರೋಲಿನ ದುಡ್ಡೂ ಇಲ್ಲ. ಹಾಗಾಗಿ ಅವನ ಬಾಯಲ್ಲಿ ಎಲ್ಲವೂ ‘ಬರುತ್ತೆ’: ಮೆಟ್ರೋ ಬರುತ್ತೆ, ಐಟಿ ಪಾರ್ಕ್ ಬರುತ್ತೆ. 2007ರಲ್ಲೇ ಭೂಸ್ವಾಧೀನದ ಅಧಿಸೂಚನೆ ಹೊರಟ ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್ ನಂತರ ಬಿಸಿನೆಸ್ ಕಾರಿಡಾರ್ ಎಂದು ಹೆಸರು ಬದಲಿಸಿಕೊಂಡಿತು. ಈ ಹೊತ್ತಿಗೆ ಅದರ ಪಕ್ಕದ ಸೈಟುಗಳು ಎಷ್ಟು ಕೈ ಬದಲಾದವೋ.

2016ರ ರೇರಾ ಕಾಯ್ದೆ ಏಜೆಂಟರೂ ನೋಂದಣಿ ಮಾಡಿಸಬೇಕು ಎಂದಿತು. ಒಳ್ಳೆಯದೇ. ಆದರೆ ಅದು ಪ್ರಾಧಿಕಾರದಲ್ಲಿ ನೋಂದಾಯಿತ ಯೋಜನೆಗಳಿಗೆ. ನಿವೃತ್ತ ಮೇಷ್ಟ್ರೊಬ್ಬರು ಇಪ್ಪತ್ತು ವರ್ಷ ಇಟ್ಟುಕೊಂಡಿದ್ದ ಸೈಟನ್ನು ಇನ್ನೊಬ್ಬರಿಗೆ ಮಾರಿಸುವವನಿಗೆ ಆ ಕಾಯ್ದೆಯ ಬಿಸಿ ತಾಗುವುದಿಲ್ಲ.

ಇಷ್ಟು ಬೈದ ಮೇಲೂ ಹೇಳುತ್ತೇನೆ, ಬ್ರೋಕರ್ ಬೇಕು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ, ಅಂದರೆ ಋಣಭಾರ ಪತ್ರ, ತೆಗೆಯಬಹುದು, ಪಹಣಿ ಆನ್‌ಲೈನಲ್ಲೇ ಸಿಗುತ್ತದೆ. ಆದರೆ ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಮನೆಯೊಳಗಿನ ಮುನಿಸು ಅಲ್ಲಿ ಬರುವುದಿಲ್ಲ. ಯಾವ ತಮ್ಮ ಸಹಿ ಹಾಕಲು ಒಪ್ಪಿಲ್ಲ, ಯಾರಿಗೆ ಮಗಳ ಮದುವೆಗೆ ತುರ್ತಾಗಿ ದುಡ್ಡು ಬೇಕು, ಯಾವ ಸರ್ವೆ ನಂಬರು ಒಂದು ಕಾಲಕ್ಕೆ ಪರಿಶಿಷ್ಟರಿಗೆ ಮಂಜೂರಾದ ಜಮೀನು. ಈ ಕೊನೆಯದು ತಪ್ಪಿದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಕ್ರಯವೇ ಅಸಿಂಧುವಾದೀತು. ಊರೊಳಗಿನ ಈ ತಿಳಿವಳಿಕೆಯೇ ದಲ್ಲಾಳಿಯ ನಿಜವಾದ ಬಂಡವಾಳ. ಅದನ್ನು ಬಚ್ಚಿಟ್ಟು ‘ಕಾರ್ನರ್ ಸೈಟು’ ಎನ್ನುತ್ತಾನಲ್ಲ, ನನ್ನ ತಕರಾರು ಅಲ್ಲಿದೆ.

ಮೈಸೂರಿನಲ್ಲಿ ಒಬ್ಬರು ಸಿಕ್ಕಿದ್ದರು, ಅರವತ್ತು ದಾಟಿದವರು. ಮೊದಲ ಪ್ರಶ್ನೆಯೇ ‘ಈ ದುಡ್ಡನ್ನ ಎಷ್ಟು ವರ್ಷ ಮರೆತಿರ್ತೀರಿ?’ ನಾನು ಮೆಚ್ಚಿದ್ದ ಜಾಗದ ವಂಶವೃಕ್ಷವನ್ನೂ ಅಣ್ಣತಮ್ಮಂದಿರ ಕ್ರಯಪತ್ರವನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಬೆರಳಿಟ್ಟು ತೋರಿಸಿದರು: ವೃಕ್ಷದಲ್ಲಿ ಇಬ್ಬರು ಹೆಣ್ಣುಮಕ್ಕಳು, ಪತ್ರದಲ್ಲಿ ಅವರ ಸಹಿ ಇಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಸಮಪಾಲು ಕೊಟ್ಟಿದೆ. ತಂದೆ ಆಗ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ‘ಬೇಡ, ಬಿಡಿ’ ಎಂದರು. ಅವರ ಕೈಗೆ ಬರುತ್ತಿದ್ದ ಕಮಿಷನ್ ಒಂದು ಲಕ್ಷಕ್ಕೆ ಕಡಿಮೆಯಿರಲಿಲ್ಲ.

ನಾವು ಹೂಡಿಕೆದಾರರೂ ಸಾಚಾಗಳೇನಲ್ಲ. ಪತ್ರದಲ್ಲಿ ಮಾರ್ಗಸೂಚಿ ದರ ತೋರಿಸಿ ಮಿಕ್ಕಿದ್ದನ್ನು ಕ್ಯಾಶ್ ಕೊಡಿಸುವ ‘ಚಾಲಾಕಿ’ ಬ್ರೋಕರನ್ನೇ ಹುಡುಕಿ, ಆಮೇಲೆ ಅವನಿಂದ ಪ್ರಾಮಾಣಿಕತೆ ಬಯಸುತ್ತೇವೆ. ಸೈಟು ತೋರಿಸಿದವನಿಗೆ ಲಕ್ಷ ಎಣಿಸುತ್ತೇವೆ, ಬೇಡವೆಂದವನಿಗೆ ಏನು ಕೊಡಬೇಕೆಂಬುದೇ ನಮ್ಮ ಲೆಕ್ಕದಲ್ಲಿಲ್ಲ. ಮೈಸೂರಿನ ಹಿರಿಯರಿಗೆ ಅಂದು ನಾನು ಕೊಡಿಸಿದ್ದು ಒಂದು ಕಾಫಿ. ಅದರ ಬಿಲ್ಲಿಗೂ ಜೇಬಿಗೆ ಕೈ ಹಾಕಿದ್ದು ಅವರೇ ಮೊದಲು.