ಅಂಟಿನ ಪಾಲಿಮರೂ ಆಲರ್ ತೀರ್ಪೂ

ಹಳೆಯ ಮಿಶ್ರಣದ ಪ್ರಮಾಣವನ್ನಷ್ಟೇ ಬದಲಿಸಿದ್ದು ಕುಶಲನಿಗೆ ಸಹಜವಾಗಿ ಹೊಳೆಯುವಂಥದೆಂದು ಪೇಟೆಂಟನ್ನು ನಿರಾಕರಿಸುವಾಗ, ಅಮೆರಿಕದ ಮೇಲ್ಮನವಿಗಳಲ್ಲಿ ಇಂದಿಗೂ 1955ರ ಆಲರ್ ತೀರ್ಪನ್ನು ಆಧಾರವಾಗಿ ಹಿಡಿಯುವುದುಂಟು. ಅಲ್ಲಿದ್ದುದು ಫೀನಾಲ್ ತಯಾರಿಕೆಯ ವಿಚಾರ: ಉಷ್ಣತೆಯನ್ನು 100 ಡಿಗ್ರಿಯಿಂದ 40–80ಕ್ಕೆ ಇಳಿಸಿ, ಆಮ್ಲವನ್ನು ಶೇ. 10ರಿಂದ 25–70ಕ್ಕೆ ಏರಿಸಿದ್ದರು. ಆ ಸೂತ್ರವನ್ನು ಅಂಟಿನ ಪಾಲಿಮರಿಗೆ ಹಾಗೆಯೇ ಅನ್ವಯಿಸುವುದು ಸಾಧುವಲ್ಲವೆಂದು ನಮ್ಮ ಮತ. ಒತ್ತಿದೊಡನೆ ಹಿಡಿಯುವ ಅಂಟಿನಲ್ಲಿ ಅಣುತೂಕ ಹೆಚ್ಚಿದರೆ ಭಾರ ತಾಳುವ ಬಲವೇರುತ್ತದೆ; ತಟ್ಟನೆ ಹತ್ತುವ ಗುಣ ಸಾಮಾನ್ಯವಾಗಿ ಕುಂದುತ್ತದೆ. ಒಂದನ್ನು ಕೆಡಿಸದೆ ಇನ್ನೊಂದನ್ನು ಪಡೆದವನ ಶ್ರಮವನ್ನು ವಾಡಿಕೆಯ ಪ್ರಯೋಗವೆನ್ನಬಹುದೆ? ಅರ್ಜಿದಾರರೂ ನಿರ್ದೋಷಿಗಳಲ್ಲ. ಎರಡು ಮೂರು ಮಾದರಿಗಳ ಅನಿರೀಕ್ಷಿತ ಫಲವನ್ನು ತೋರಿಸಿ, ವಿಸ್ತಾರವಾದ ಪ್ರಮಾಣಶ್ರೇಣಿಯನ್ನೆಲ್ಲ ಬೇಡುವವರೂ ಇದ್ದಾರೆ. ಅಂಥ ಮನವಿಗಳು ಬಿದ್ದುಹೋದರೆ ನಾವು ಮರುಗಲಾರೆವು.